ಪದ ಪರಿಚಯ: ಸೌಂಡ್ ಡಿಕೋಡರ್

ಮಾಡೆಲ್ ರೈಲು ಕಟ್ಟುವವರು ಇಬ್ಬರು ಸೇರಿದರೆ ಈ ಪದ ಬಂದೇ ಬರುತ್ತದೆ. ಸೌಂಡ್ ಡಿಕೋಡರ್ ಅಂದರೆ ಮಾಡೆಲ್ ಎಂಜಿನ್ನಿನ ಹೊಟ್ಟೆಯೊಳಗೆ ಕೂರುವ ಒಂದು ಸಣ್ಣ ಸರ್ಕ್ಯೂಟ್ ಬೋರ್ಡು. ಹಳಿಯಿಂದ ಬರುವ ಆಜ್ಞೆಯನ್ನು ಓದುತ್ತದೆ. ಮೋಟಾರು ತಿರುಗಿಸುತ್ತದೆ, ದೀಪ ಹಚ್ಚುತ್ತದೆ. ಜೊತೆಗೆ ಪುಟ್ಟ ಸ್ಪೀಕರಿನಿಂದ ಎಂಜಿನ್ನಿನ ಸದ್ದು ಹೊರಡಿಸುತ್ತದೆ. ಎಚ್‌ಒ ಅಳತೆಯ, ಅಂದರೆ ಅಸಲಿಗಿಂತ 87 ಪಟ್ಟು ಚಿಕ್ಕದಾದ ಎಂಜಿನ್ನಿಗೆ ಹಾಕುವ ಡಿಕೋಡರ್ ಸುಮಾರು 30 ಮಿ.ಮೀ. ಉದ್ದ, 15 ಮಿ.ಮೀ. ಅಗಲ ಇರುತ್ತದೆ.

"ರೈಲಿನ ಸದ್ದು ರೆಕಾರ್ಡ್ ಮಾಡಿ ಒಳಗೆ ಹಾಕಿರ್ತಾರೆ, ಅಷ್ಟೇ ಅಲ್ವಾ?" ಅಂತ ಬಹಳ ಮಂದಿ ಕೇಳುತ್ತಾರೆ. ರೆಕಾರ್ಡ್ ಆದ ಸದ್ದು ಒಳಗಿರುವುದು ನಿಜ. ಆದರೆ ಯಾವ ಸದ್ದು, ಯಾವಾಗ, ಎಷ್ಟು ಹೊತ್ತು ಅನ್ನುವುದನ್ನು ಡಿಕೋಡರ್ ತಾನೇ ತೀರ್ಮಾನಿಸುತ್ತದೆ. ಎಂಜಿನ್ನು ಆ ಕ್ಷಣ ಎಷ್ಟು ದುಡಿಯುತ್ತಿದೆ ಅಂತ ನೋಡಿ ತೀರ್ಮಾನಿಸುತ್ತದೆ. ಇದರ ಮಜಾ ಇರುವುದೇ ಅಲ್ಲಿ.

ಮೊದಲು ಹಳೆಯ ಪದ್ಧತಿ ನೋಡೋಣ. ಸಾದಾ ಡಿಸಿ, ಅಂದರೆ ನೇರ ವಿದ್ಯುತ್ತಿನ ಮಾಡೆಲಿನಲ್ಲಿ ಹಳಿಗೆ ಕೊಡುವ ವೋಲ್ಟೇಜೇ ವೇಗ. ಗುಂಡಿ ತಿರುಗಿಸಿದಷ್ಟೂ ವೋಲ್ಟೇಜ್ ಏರುತ್ತದೆ, ಎಂಜಿನ್ನು ಓಡುತ್ತದೆ. ಸೊನ್ನೆಗೆ ತಂದರೆ ನಿಲ್ಲುತ್ತದೆ. ಸೊನ್ನೆ ವೋಲ್ಟೇಜಿನಲ್ಲಿ ಸದ್ದು ಎಲ್ಲಿಂದ ಬರಬೇಕು? ನಿಜವಾದ ಡೀಸೆಲ್ ಎಂಜಿನ್ನು ಪ್ಲಾಟ್‌ಫಾರ್ಮಿಗೆ ಬಂದು ನಿಂತಾಗಲೇ ನಾವು ಅದರ ಸದ್ದನ್ನು ಹತ್ತಿರದಿಂದ ಕೇಳುವುದು. ಡಿಸಿ ಮಾಡೆಲ್ ಸರಿಯಾಗಿ ಅದೇ ಹೊತ್ತಿಗೆ ಮೂಕಾಗುತ್ತದೆ. ಆದರೂ ಸದ್ದಿನ ಆಸೆ ಬಹಳ ಹಳೆಯದು. 1935ರಷ್ಟು ಹಿಂದೆಯೇ ಅಮೆರಿಕದ ಲಯನೆಲ್ ಕಂಪನಿ ಆಟಿಕೆ ರೈಲಿನ ಟೆಂಡರಿನೊಳಗೆ (ಉಗಿ ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಬಂಡಿ) ಸಣ್ಣ ಮೋಟಾರು, ಫ್ಯಾನು ಇಟ್ಟು ನಿಜವಾದ ಗಾಳಿಯಿಂದಲೇ ಸೀಟಿ ಊದಿಸಿತ್ತು.

ಈ ಕಷ್ಟಕ್ಕೆ ದಾರಿ ಮಾಡಿದ್ದು ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಜರ್ಮನಿಯ ಲೆನ್ಜ್ ಕಂಪನಿಯ ವಿಧಾನವನ್ನು ಆಧಾರವಾಗಿ ಇಟ್ಟುಕೊಂಡು ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಇದಕ್ಕೆ ನಿಯಮ ಬರೆಯಿತು. ಇಲ್ಲಿ ಹಳಿಯ ಮೇಲೆ ಯಾವಾಗಲೂ ಸುಮಾರು 15 ವೋಲ್ಟ್ ಇರುತ್ತದೆ, ಎಂಜಿನ್ನು ನಿಂತಿರಲಿ, ಓಡುತ್ತಿರಲಿ. ಪ್ಲಸ್ಸು ಮೈನಸ್ಸು ಮಾತ್ರ ಬಹಳ ವೇಗವಾಗಿ ಅದಲುಬದಲಾಗುತ್ತಿರುತ್ತವೆ. ಪ್ಲಸ್ಸು, ಮೈನಸ್ಸು ಒಂದೊಂದೂ 58 ಮೈಕ್ರೋಸೆಕೆಂಡ್ ಇದ್ದರೆ ಅದು 'ಒಂದು'. 100 ಮೈಕ್ರೋಸೆಕೆಂಡ್ ಅಥವಾ ಜಾಸ್ತಿ ಇದ್ದರೆ 'ಸೊನ್ನೆ'. ಈ ಒಂದು ಸೊನ್ನೆಗಳೇ ಆಜ್ಞೆ. ಕರೆಂಟೂ ಅದೇ ಹಳಿಯಲ್ಲಿ, ಆಜ್ಞೆಯೂ ಅದೇ ಹಳಿಯಲ್ಲಿ. ಪ್ರತಿ ಡಿಕೋಡರಿಗೂ ಒಂದು ವಿಳಾಸ ಇರುತ್ತದೆ. ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ 3. ತನ್ನ ವಿಳಾಸಕ್ಕೆ ಬಂದ ಮಾತನ್ನಷ್ಟೇ ಅದು ಕೇಳುತ್ತದೆ. ಹೀಗಾಗಿ ಒಂದೇ ಹಳಿಯ ಮೇಲೆ ಒಂದು ಎಂಜಿನ್ನು ಗುರುಗುಟ್ಟುತ್ತ ನಿಲ್ಲಬಹುದು, ಇನ್ನೊಂದು ಹಾರ್ನ್ ಹೊಡೆದು ಹೊರಡಬಹುದು.

ಈಗ ಸದ್ದಿನ ವಿಷಯಕ್ಕೆ ಬರೋಣ. ಡಿಕೋಡರಿನ ಮೆಮೊರಿಯಲ್ಲಿ ಇಡೀ ಪಯಣದ ಒಂದು ಉದ್ದ ರೆಕಾರ್ಡಿಂಗ್ ಇರುವುದಿಲ್ಲ. ತುಂಡು ತುಂಡಾಗಿ ಇರುತ್ತದೆ. ಎಂಜಿನ್ನು ಸ್ಟಾರ್ಟ್ ಆಗುವ ತುಂಡು, ಸುಮ್ನೆ ನಿಂತಾಗಿನ ಐಡಲ್ ತುಂಡು, ಒಂದನೇ ನಾಚಿನಿಂದ ಎಂಟನೇ ನಾಚಿನವರೆಗೆ ಒಂದೊಂದು ತುಂಡು, ಒಂದು ನಾಚಿನಿಂದ ಇನ್ನೊಂದಕ್ಕೆ ಏರುವಾಗ ಇಳಿಯುವಾಗ ಬರುವ ತುಂಡುಗಳು. ಏರ್ ಕಂಪ್ರೆಸರು, ರೇಡಿಯೇಟರ್ ಫ್ಯಾನು, ಬ್ರೇಕಿನ ಕಿರುಚಾಟ ಇವೆಲ್ಲ ಬೇರೆ ಬೇರೆ. ನಾಚ್ ಅಂದರೆ ಲೋಕೋ ಪೈಲಟ್ ಕೈಯಲ್ಲಿರುವ ಥ್ರಾಟಲಿನ ಮೆಟ್ಟಿಲು. ನಮ್ಮ ಡಬ್ಲ್ಯೂಡಿಎಂ-2 ಥರದ ಡೀಸೆಲ್ ಎಂಜಿನ್ನುಗಳಲ್ಲಿ ಇವು ಎಂಟು.

ಮೆರವಣಿಗೆ ಓಣಿಯ ತಿರುವಿನಲ್ಲಿ ನಿಂತುಬಿಟ್ಟರೆ ಬ್ಯಾಂಡಿನವರು ಅದೇ ಸಾಲನ್ನು ಮತ್ತೆ ಮತ್ತೆ ಬಾರಿಸುತ್ತಾರಲ್ಲ, ಡಿಕೋಡರ್ ಹಾಗೆಯೇ. ನಾಲ್ಕನೇ ನಾಚಿನಲ್ಲಿ ನೀವು ಹತ್ತು ನಿಮಿಷ ಓಡಿಸಿದರೆ ಆ ತುಂಡನ್ನೇ ಹೊಲಿಗೆ ಕಾಣದಂತೆ ಸುತ್ತಿಸುತ್ತದೆ. ಐದಕ್ಕೆ ಏರಿಸಿದ ತಕ್ಷಣ ನಡುವಿನ ತುಂಡು ಹಾಕಿ ಮುಂದಕ್ಕೆ ಹೋಗುತ್ತದೆ. ಹಾರ್ನಿನಲ್ಲೂ ಇದೇ ಉಪಾಯ: ಶುರು, ನಡು, ಕೊನೆ ಅಂತ ಮೂರು ಭಾಗ. ಬಟನ್ ಒತ್ತಿ ಹಿಡಿದಷ್ಟು ಹೊತ್ತು ನಡುಭಾಗ ಸುತ್ತುತ್ತದೆ, ಕೈ ಬಿಟ್ಟಾಗ ಕೊನೆಯ ಭಾಗ ಬರುತ್ತದೆ. ಲೆವೆಲ್ ಕ್ರಾಸಿಂಗಿಗೆ ಮುಂಚೆ ಹಳಿಯ ಪಕ್ಕ 'ಸೀ/ಫಾ' ಅಂತ ಬರೆದ ಹಳದಿ ಬೋರ್ಡು ಇರುತ್ತದೆ, ಸೀಟಿ ಹೊಡಿ, ಫಾಟಕ್ ಬಂತು ಅಂತ ಅದರ ಅರ್ಥ. ಬೆಳಗಾವಿಯ ಟಿಳಕವಾಡಿ ಗೇಟುಗಳಲ್ಲಿ ಸೈಕಲ್ ಹಿಡಿದು ಕಾದವರಿಗೆ ಆ ಉದ್ದ ಹಾರ್ನ್ ಚೆನ್ನಾಗಿ ಗೊತ್ತು. ಒಂದೇ ಅಳತೆಯ "ಪೋಂ" ಹೊಡೆಯುವ ಅಗ್ಗದ ಬೋರ್ಡುಗಳಲ್ಲಿ ಅದು ಬರುವುದೇ ಇಲ್ಲ.

ಇನ್ನು ದುಡಿಮೆಯ ಮಾತು. ಡೀಸೆಲ್ ಎಂಜಿನ್ನಿನ ಸದ್ದಿಗೂ ರೈಲಿನ ವೇಗಕ್ಕೂ ನೇರ ಸಂಬಂಧ ಇಲ್ಲ. ಸದ್ದು ಹೇಳುವುದು ಎಂಜಿನ್ನು ಎಷ್ಟು ಶ್ರಮ ಪಡುತ್ತಿದೆ ಅನ್ನುವುದನ್ನು. ನಮ್ಮ ಲೋಂಡಾದಿಂದ ಆಚೆ, ಕ್ಯಾಸಲ್‌ರಾಕ್ ಮತ್ತು ಕುಳೆಂ ನಡುವಿನ ಘಾಟು ನೆನಪಿಸಿಕೊಳ್ಳಿ. ಅಲ್ಲಿ 37 ಅಡಿಗೆ ಒಂದು ಅಡಿ ಏರು. ಡೀಸೆಲ್ ಎಂಜಿನ್ನು ಕಟ್ಟಿಕೊಂಡು ಕುಳೆಂನಿಂದ ಹತ್ತುವ ಗೂಡ್ಸು ಆಮೆ ನಡಿಗೆಯಲ್ಲಿ ಬರುತ್ತದೆ, ಎಂಜಿನ್ನು ಮಾತ್ರ ಬೆಟ್ಟ ನಡುಗುವಂತೆ ಕೂಗುತ್ತದೆ. ಬಯಲಿನಲ್ಲಿ ವೇಗ ಹಿಡಿದ ಮೇಲೆ ನಾಚ್ ಇಳಿಸಿದ ರೈಲು ಜೋರಾಗಿ ಓಡುತ್ತಿದ್ದರೂ ಎಂಜಿನ್ನು ಐಡಲಿನಲ್ಲಿ ಇರಬಹುದು, ಕೇಳುವುದು ಬರೀ ಗಾಲಿಯ ಸದ್ದು. ಹೊರಡುವಾಗಲೂ ಹಾಗೇ. ಮೊದಲು ಸದ್ದು ಏರುತ್ತದೆ, ಆಮೇಲೆ ಬೋಗಿಗಳು ಒಂದೊಂದಾಗಿ ಜಗ್ಗಿಕೊಳ್ಳುತ್ತವೆ, ಆಮೇಲೆ ರೈಲು ಸರಿಯುತ್ತದೆ.

ಮಾಡೆಲಿನಲ್ಲಿ ಈ ಕ್ರಮ ತರಬೇಕು. ತರದಿದ್ದರೆ ಎಷ್ಟು ದುಬಾರಿ ಸ್ಪೀಕರ್ ಹಾಕಿದರೂ ಆಟಿಕೆಯ ಹಾಗೇ ಕೇಳಿಸುತ್ತದೆ. ಇದಕ್ಕೆ ಡಿಕೋಡರಿನಲ್ಲಿ ಸಿವಿ ಅನ್ನುವ ನಂಬರ್ ಹಾಕಿದ ಸೆಟ್ಟಿಂಗುಗಳಿವೆ. ಸಿವಿ 3 ವೇಗ ಏರುವ ನಿಧಾನವನ್ನು, ಸಿವಿ 4 ಇಳಿಯುವ ನಿಧಾನವನ್ನು ಹೇಳುತ್ತದೆ. ಎರಡನ್ನೂ ಸ್ವಲ್ಪ ಹೆಚ್ಚಿಸಿದರೆ ಎಂಜಿನ್ನಿಗೆ ತೂಕ ಬಂದಂತಾಗುತ್ತದೆ: ಗುಂಡಿ ತಿರುಗಿಸಿದ ಕೂಡಲೇ ಸದ್ದು ಏರುತ್ತದೆ, ಗಾಲಿ ಹಿಂದಿನಿಂದ ಬರುತ್ತದೆ. ಜರ್ಮನಿಯ ಇಎಸ್‌ಯು ಕಂಪನಿಯ ಲೋಕ್‌ಸೌಂಡ್ ಡಿಕೋಡರಿನಲ್ಲಿ ಡ್ರೈವ್ ಹೋಲ್ಡ್ ಅನ್ನುವ ಸೌಲಭ್ಯ ಇದೆ. ಆ ಬಟನ್ ಒತ್ತಿದರೆ ವೇಗ ಇದ್ದಲ್ಲೇ ಇರುತ್ತದೆ, ಥ್ರಾಟಲ್ ಬರೀ ಸದ್ದನ್ನು ಏರಿಸಿ ಇಳಿಸುತ್ತದೆ. ಟೇಬಲ್ಲಿನ ಮೇಲಿನ ಸಪಾಟು ಹಳಿಯಲ್ಲೇ ಘಾಟು ಹತ್ತಿಸಬಹುದು! ನನ್ನ ಮಟ್ಟಿಗೆ ಹತ್ತಾರು ಥರದ ಹಾರ್ನುಗಳಿಗಿಂತ ಈ ಒಂದು ಬಟನ್ ಮೇಲು.

ಏರಿನಲ್ಲಿ ಭಾರ ಹೆಚ್ಚಿದ್ದು ಡಿಕೋಡರಿಗೆ ಹೇಗೆ ತಿಳಿಯುತ್ತದೆ? ಇದೊಂದು ಚಂದದ ಉಪಾಯ. ಮೋಟಾರಿಗೆ ಕರೆಂಟನ್ನು ಒಂದೇ ಸಮನೆ ಕೊಡುವುದಿಲ್ಲ, ಕೊಟ್ಟು ಕೊಟ್ಟು ನಿಲ್ಲಿಸುತ್ತಾರೆ. ನಿಲ್ಲಿಸಿದ ಆ ಚೂರು ಹೊತ್ತಿನಲ್ಲಿ ತಿರುಗುತ್ತಿರುವ ಮೋಟಾರು ತಾನೇ ಡೈನಮೊ ಆಗಿ ಒಂದಿಷ್ಟು ವೋಲ್ಟೇಜ್ ಹುಟ್ಟಿಸುತ್ತದೆ. ಇದಕ್ಕೆ ಬ್ಯಾಕ್ ಇಎಂಎಫ್ ಅನ್ನುತ್ತಾರೆ. ಅದನ್ನು ಅಳೆದರೆ ಮೋಟಾರು ನಿಜವಾಗಿ ಎಷ್ಟು ವೇಗದಲ್ಲಿದೆ ಅಂತ ಗೊತ್ತಾಗುತ್ತದೆ. ಹೇಳಿದ ವೇಗಕ್ಕಿಂತ ಕಡಿಮೆ ಇದ್ದರೆ ಭಾರ ಬಿದ್ದಿದೆ ಅಂತ ಲೆಕ್ಕ. ಡಿಕೋಡರ್ ಮೋಟಾರಿಗೆ ಕರೆಂಟ್ ಹೆಚ್ಚಿಸುತ್ತದೆ, ಸದ್ದನ್ನೂ ಏರಿಸುತ್ತದೆ.

ಉಗಿ ಎಂಜಿನ್ನಿನಲ್ಲಿ ಲೆಕ್ಕ ಬೇರೆ. ಎರಡು ಸಿಲಿಂಡರು, ಒಂದೊಂದಕ್ಕೂ ಎರಡೂ ಬದಿಯಿಂದ ಉಗಿ. ಹಾಗಾಗಿ ದೊಡ್ಡ ಗಾಲಿ ಒಂದು ಸುತ್ತು ಬಂದರೆ ನಾಲ್ಕು ಸಲ "ಛುಕ್". ಮೀಟರ್‌ಗೇಜಿನ ವೈಪಿ ಎಂಜಿನ್ನಿನ ಗಾಲಿಯ ಅಡ್ಡಳತೆ ಸುಮಾರು 1.37 ಮೀಟರ್. ಗಂಟೆಗೆ 40 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹತ್ತು ಛುಕ್ ದಾಟುತ್ತದೆ. ಮಕ್ಕಳ ಹಾಡಿನ ನಿಧಾನದ ಛುಕ್ ಛುಕ್ ಕೇಳುವುದು ಹೊರಡುವಾಗ ಮಾತ್ರ. ಗಾಲಿಗೂ ಛುಕ್‌ಗೂ ತಾಳ ತಪ್ಪಿದರೆ ಎಂಥವರಿಗೂ ತಕ್ಷಣ ಕಾಣುತ್ತದೆ. ಅದಕ್ಕೇ ಕೆಲವರು ಅಚ್ಚಿಗೆ ಸಣ್ಣ ಸೆನ್ಸರ್ ಕಟ್ಟುತ್ತಾರೆ, ಉಳಿದವರು ಬ್ಯಾಕ್ ಇಎಂಎಫ್ ನಂಬಿಕೊಂಡು ಸಿವಿ ತಿದ್ದುತ್ತಾ ಕೂರುತ್ತಾರೆ.

ಸ್ಪೀಕರಿನ ಸಮಸ್ಯೆ ವಿಜಯಪುರದವರಿಗೆ ಬೇಗ ಅರ್ಥವಾಗುತ್ತದೆ. ಗೋಲಗುಂಬಜದ ಗುಮ್ಮಟ ಒಳಗಡೆ ಸುಮಾರು 38 ಮೀಟರ್ ಅಗಲ. ಚಪ್ಪಾಳೆಯ ಸದ್ದು ಎದುರಿನ ಗೋಡೆಗೆ ಹೋಗಿ ಬರಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬೇಕು, ಅದಕ್ಕೇ ಪ್ರತಿಧ್ವನಿ ಬಿಡಿಬಿಡಿಯಾಗಿ ಕೇಳುತ್ತದೆ. ಅದನ್ನೇ 87 ಪಟ್ಟು ಚಿಕ್ಕದು ಮಾಡಿ ಟೇಬಲ್ಲಿನ ಮೇಲೆ ಕಟ್ಟಿ. ಆಕಾರ ಹಾಗೇ ಬರುತ್ತದೆ, ಪ್ರತಿಧ್ವನಿ ಬರುವುದಿಲ್ಲ. ಗುಮ್ಮಟ ಚಿಕ್ಕದಾಯಿತು, ಸದ್ದಿನ ವೇಗ ಚಿಕ್ಕದಾಗಲಿಲ್ಲ. ಎಂಜಿನ್ನಿನ ಗತಿಯೂ ಇದೇ. 100 ಹರ್ಟ್ಸ್ ಗಡಸು ದನಿಯ ಅಲೆ ಗಾಳಿಯಲ್ಲಿ 3.4 ಮೀಟರ್ ಉದ್ದ. ಎಚ್‌ಒ ಅಳತೆಯ ಡಬ್ಲ್ಯೂಡಿಎಂ-2 ಇಡಿಯಾಗಿ 20 ಸೆಂ.ಮೀ. ಇಲ್ಲ. ಅದರೊಳಗಿನ ಬೆರಳಗಲದ ಸ್ಪೀಕರಿನಿಂದ 16 ಸಿಲಿಂಡರಿನ ಗುಡುಗು ಪೂರ್ತಿ ಬರಲಾರದು.

ಇದ್ದುದರಲ್ಲೇ ಚೆನ್ನಾಗಿ ಕೇಳಬೇಕೆಂದರೆ ಸ್ಪೀಕರಿಗೆ ಹಿಂದಿನಿಂದ ಪೂರ್ತಿ ಮುಚ್ಚಿದ ಡಬ್ಬಿ ಬೇಕೇ ಬೇಕು. ಡಬ್ಬಿ ಇಲ್ಲದಿದ್ದರೆ ಮುಂದೆ ತಳ್ಳಿದ ಗಾಳಿಯೂ ಹಿಂದೆ ಎಳೆದ ಗಾಳಿಯೂ ಒಂದನ್ನೊಂದು ಅಳಿಸಿಹಾಕುತ್ತವೆ, ಉಳಿಯುವುದು ಸೊಳ್ಳೆಯ ದನಿ. ಮೊಬೈಲಿನಲ್ಲಿ ಬರುವಂಥ ಚೌಕದ ಪುಟ್ಟ ಸ್ಪೀಕರುಗಳನ್ನು ಈಗ ಎಲ್ಲರೂ ಹಾಕುತ್ತಾರೆ, ಗಾತ್ರಕ್ಕೆ ಹೋಲಿಸಿದರೆ ಅವು ಬಹಳ ಚೆನ್ನಾಗಿವೆ. ಡಬ್ಬಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿಯೂ ಇರಬಾರದು. ಇನ್ನೊಂದು ಮಾತು: ವಾಲ್ಯೂಮ್ ಇಳಿಸಿ. ಕಾರ್ಖಾನೆಯಿಂದ ಬರುವ ಸೆಟ್ಟಿಂಗ್ ಮನೆಯ ಕೋಣೆಗೆ ಜಾಸ್ತಿಯೇ. ವಾಲ್ಯೂಮಿನ ಸೆಟ್ಟಿಂಗ್ ಇಎಸ್‌ಯು ಲೋಕ್‌ಸೌಂಡಿನಲ್ಲಿ ಸಿವಿ 63, ಆಸ್ಟ್ರಿಯಾದ ಜಿಮೋದಲ್ಲಿ ಸಿವಿ 266, ಅಮೆರಿಕದ ಸೌಂಡ್‌ಟ್ರಾಕ್ಸ್ ಸುನಾಮಿಯಲ್ಲಿ ಸಿವಿ 128. ಅದರಲ್ಲಿರುವ ಅಂಕಿಯನ್ನು ಅರ್ಧಕ್ಕೆ ತಂದು ನೋಡಿ. ಒಡಕು ದನಿ ಅರ್ಧ ಅಲ್ಲೇ ಹೋಗುತ್ತದೆ, ಮನೆಯವರ ಬೈಗುಳವೂ.

ಭಾರತದ ಎಂಜಿನ್ನಿನ ಸದ್ದು ಬೇಕೆನ್ನುವವರಿಗೆ ಒಂದು ಅನುಕೂಲ ಇದೆ. ಗದಗ–ಹೋಟಗಿ ದಾರಿ ಮೀಟರ್‌ಗೇಜ್ ಆಗಿದ್ದಾಗ ಬಾಗಲಕೋಟೆ, ವಿಜಯಪುರದವರು ಕೇಳಿದ ವೈಡಿಎಂ-4 ಎಂಜಿನ್ನಿನ ಸದ್ದಿನ ಮೂಲ ಅಮೆರಿಕದ ಆಲ್ಕೋ 251, ಆರು ಸಿಲಿಂಡರಿನದು. ಡಬ್ಲ್ಯೂಡಿಎಂ-2 ಒಳಗಿರುವುದು ಅದೇ 251ರ 16 ಸಿಲಿಂಡರಿನ ರೂಪ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯೂಡಿಪಿ-4, ಡಬ್ಲ್ಯೂಡಿಜಿ-4 ಎಂಜಿನ್ನುಗಳಲ್ಲಿ ಅಮೆರಿಕದ್ದೇ ಆದ ಇಎಂಡಿ 710, ಅದು ಟೂ ಸ್ಟ್ರೋಕ್. ಹಾಗಾಗಿ ಅಮೆರಿಕದ ಎಂಜಿನ್ನಿಗೆ ಮಾಡಿದ ಸದ್ದಿನ ಫೈಲು ನಮ್ಮ ಎಂಜಿನ್ನಿಗೂ ಹತ್ತಿರ ಹೊಂದುತ್ತದೆ. ಹಾರ್ನ್ ಮಾತ್ರ ಹೊಂದುವುದಿಲ್ಲ, ಅಮೆರಿಕದ ಎಂಜಿನ್ನಿನ ಗಂಟೆಯಂತೂ ಬೇಡವೇ ಬೇಡ. ಇಎಸ್‌ಯು, ಜಿಮೋ ಡಿಕೋಡರುಗಳಿಗೆ ಕಂಪ್ಯೂಟರಿನಿಂದ ನಮ್ಮದೇ ಸದ್ದು ತುಂಬಬಹುದು. ಪ್ಲಾಟ್‌ಫಾರ್ಮಿನಲ್ಲಿ ನಿಂತು ಒಳ್ಳೆಯ ಹಾರ್ನ್ ರೆಕಾರ್ಡ್ ಮಾಡಿಕೊಳ್ಳಿ. ಸರಿಯಾದ ಹೊತ್ತಿಗೇ "ಪ್ರಯಾಣಿಕರ ಗಮನಕ್ಕೆ" ಅಂತ ಮೈಕು ಶುರುವಾಗುತ್ತದೆ, ಅದಕ್ಕೇನೂ ಮಾಡಲಾಗದು. ಹಳಿಯ ಹತ್ತಿರ ಮಾತ್ರ ಇಳಿಯಬೇಡಿ. ವಿದ್ಯುತ್ ಎಂಜಿನ್ನಾದರೆ ಕೇಳುವುದೆಲ್ಲ ಬ್ಲೋವರಿನ ಸುಂಯ್ ಮತ್ತು ಟ್ರಾನ್ಸ್‌ಫಾರ್ಮರಿನ ಗುಂಯ್, ನಾಚಿನ ನಾಟಕ ಅಲ್ಲಿ ಕಡಿಮೆ.

ನಮ್ಮ ಕಡೆಯ ದೊಡ್ಡ ಶತ್ರು ಧೂಳು. ಹಳಿಯ ಮೇಲೆ ಧೂಳು ಕೂತು ಒಂದು ಕ್ಷಣ ಕರೆಂಟ್ ತಪ್ಪಿದರೂ ಮೋಟಾರಿನ ಜೊತೆ ತಿರುಗುವ ಭಾರದ ಚಕ್ರದ, ಅಂದರೆ ಫ್ಲೈವೀಲಿನ ದೆಸೆಯಿಂದ ಎಂಜಿನ್ನು ಮುಂದೆ ಸಾಗಿಬಿಡುತ್ತದೆ. ಸದ್ದು ಹಾಗಲ್ಲ. ಕಡಿದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇದಕ್ಕೆ ಕೀಪ್ ಅಲೈವ್ ಅನ್ನುವ ಕೆಪಾಸಿಟರ್ ಸಿಗುತ್ತದೆ, ಸ್ವಲ್ಪ ಕರೆಂಟ್ ಕೂಡಿಟ್ಟುಕೊಂಡು ಆ ಕ್ಷಣ ದಾಟಿಸುತ್ತದೆ. ಅದನ್ನು ಹಾಕಿದರೂ ಹಳಿ ಒರೆಸುವುದು ತಪ್ಪುವುದಿಲ್ಲ.

ಮಾಡೆಲ್ ಎಂಜಿನ್ನು ಕೊಳ್ಳುವ ಮುಂಚೆ ಅದು ಬರುವ ಡಬ್ಬಿಯ ಮೇಲಿನ ಮಾತು ಸರಿಯಾಗಿ ಓದಿ. 'ಡಿಸಿಸಿ ರೆಡಿ' ಅಂದರೆ ಒಳಗೆ ಡಿಕೋಡರ್ ಇದೆ ಅಂತಲ್ಲ, ಅದನ್ನು ಕೂರಿಸುವ ಸಾಕೆಟ್ ಇದೆ ಅಂತ ಮಾತ್ರ. ಆ ಸಾಕೆಟ್ 8 ಪಿನ್ನಿನದೋ, 21 ಪಿನ್ನಿನದೋ, ಪ್ಲಕ್ಸ್ 22 ಅಥವಾ ನೆಕ್ಸ್ಟ್ 18 ಅನ್ನುವ ಬಗೆಯದೋ ನೋಡಿಕೊಂಡು ಡಿಕೋಡರ್ ತರಿಸಿ. ಸಾಕೆಟ್ ಇಲ್ಲದ ಹಳೆಯ ಎಂಜಿನ್ನಾದರೆ ವೈರು ಬೆಸೆಯಬೇಕು: ಕೆಂಪು, ಕಪ್ಪು ವೈರು ಹಳಿಗೆ, ಕಿತ್ತಳೆ, ಬೂದು ಬಣ್ಣದವು ಮೋಟಾರಿಗೆ. ಬೆಸೆಯುವ ಮುಂಚೆ ಮೋಟಾರಿನ ಎರಡೂ ಕಾಲು ಚಾಸಿಯಿಂದ ಪೂರ್ತಿ ಬೇರೆಯಾಗಿವೆಯೇ ಅಂತ ಮಲ್ಟಿಮೀಟರ್ ಹಿಡಿದು ನೋಡಿ. ಒಂದು ಕಾಲು ತಗುಲಿಕೊಂಡಿದ್ದರೂ ಕರೆಂಟ್ ಕೊಟ್ಟ ಕ್ಷಣ ಡಿಕೋಡರ್ ಸುಟ್ಟುಹೋಗುತ್ತದೆ. ಡಿಸಿಸಿ ಕಂಟ್ರೋಲರ್ ಇನ್ನೂ ಕೊಂಡಿಲ್ಲ ಅನ್ನುವವರು ಹೆದರಬೇಕಿಲ್ಲ. ಬಹಳಷ್ಟು ಸೌಂಡ್ ಡಿಕೋಡರುಗಳು ಸಾದಾ ಡಿಸಿಯಲ್ಲೂ ಓಡುತ್ತವೆ. ಹಾರ್ನ್ ಬಟನ್ ಸಿಗುವುದಿಲ್ಲ, ಬೋರ್ಡು ಎಚ್ಚರಗೊಳ್ಳಲು ಮೊದಲು ಒಂದಿಷ್ಟು ವೋಲ್ಟೇಜ್ ಬೇಕು, ಅಷ್ಟೇ.