ಎಲ್ ಫಾಶರ್: ನಮ್ಮವರು ಬಂದ ಮೇಲೆ

ಸುಡಾನ್ ದೇಶದ ಡಾರ್ಫುರ್ ಪ್ರಾಂತ್ಯದ ಎಲ್ ಫಾಶರ್ ಎಂಬ ಊರಿನ ಹೆಸರು ಕನ್ನಡಿಗರ ಬಾಯಲ್ಲಿ ಓಡಾಡಿದ್ದು ಹೆಚ್ಚೆಂದರೆ ಹತ್ತು ದಿನ. 2023ರ ಏಪ್ರಿಲ್‌ನಲ್ಲಿ ಹಕ್ಕಿಪಿಕ್ಕಿ ಸಮುದಾಯದ 31 ಜನ ಯುದ್ಧದ ನಡುವೆ ಅಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆಂದು ಸಿದ್ದರಾಮಯ್ಯ ಟ್ವೀಟ್ ಮಾಡಿದರು. ವಿದೇಶಾಂಗ ಸಚಿವ ಜೈಶಂಕರ್ ಇದರಲ್ಲಿ ರಾಜಕೀಯ ಬೇಡವೆಂದು ತಿರುಗೇಟು ಕೊಟ್ಟರು. ಎಲೆಕ್ಷನ್ ಕಾಲ, ಸುದ್ದಿ ಕಾವೇರಿತು. ಬೇಟೆ ನಿಂತ ಮೇಲೆ ತಲೆಗೂದಲಿನ ಎಣ್ಣೆ, ಗಿಡಮೂಲಿಕೆ ಮಾರುತ್ತಾ ಆಫ್ರಿಕಾದ ಸಂತೆಗಳವರೆಗೂ ಹೋದವರು ಈ ಜನ. ಏಪ್ರಿಲ್ 28ರಂದು 362 ಮಂದಿಯ ವಿಮಾನ ಬೆಂಗಳೂರಿಗೆ ಬಂದಿಳಿಯಿತು, ಅದರಲ್ಲಿ ಹಕ್ಕಿಪಿಕ್ಕಿಗಳೂ ಬಹಳ ಮಂದಿ. ಅಲ್ಲಿಗೆ ನಮ್ಮ ಪಾಲಿಗೆ ಸುಡಾನ್ ಮುಗಿಯಿತು.

ಎಲ್ ಫಾಶರ್‌ನವರ ಪಾಲಿಗೆ ಅದಿನ್ನೂ ಶುರುವಾಗಿತ್ತಷ್ಟೇ. ಹಾಗೆ ನೋಡಿದರೆ ಶುರುವಾದದ್ದು 2003ರಲ್ಲಿ. ಡಾರ್ಫುರ್ ಪ್ರಾಂತ್ಯ ದಂಗೆಯೆದ್ದಾಗ ಅಧ್ಯಕ್ಷ ಬಶೀರ್ ಸೈನ್ಯವನ್ನಷ್ಟೇ ನೆಚ್ಚಿಕೊಳ್ಳಲಿಲ್ಲ. ಮಳೆ ಕೈಕೊಟ್ಟು, ಹುಲ್ಲುಗಾವಲಿಗಾಗಿ ರೈತರ ಮೇಲೆ ಕತ್ತಿ ಮಸೆಯುತ್ತಿದ್ದ ಒಂಟೆ ಕಾಯುವ ಅರಬ್ ಬುಡಕಟ್ಟುಗಳಿಗೆ ಬಂದೂಕು ಕೊಟ್ಟರು. ಜಂಜವೀದ್ ಅನ್ನುವ ಅವರ ಹೆಸರು ಜಗತ್ತಿಗೆ ಗೊತ್ತಾದದ್ದು ಆಗಲೇ. ವಿಶ್ವಸಂಸ್ಥೆಯ ಅಂದಾಜಿನಂತೆ ಸತ್ತವರು ಸುಮಾರು 3 ಲಕ್ಷ. ಹಲವರನ್ನು ಕೊಂದದ್ದು ಗುಂಡಲ್ಲ, ಹಸಿವು ಮತ್ತು ರೋಗ. 2013ರಲ್ಲಿ ಅದೇ ಪಡೆಗೆ ಸಮವಸ್ತ್ರ ತೊಡಿಸಿ ರಾಪಿಡ್ ಸಪೋರ್ಟ್ ಫೋರ್ಸಸ್, ಚಿಕ್ಕದಾಗಿ ಆರ್‌ಎಸ್‌ಎಫ್ ಎಂದು ಹೆಸರಿಟ್ಟರು. ಮುಖ್ಯಸ್ಥ ಹೆಮೆದ್ತಿ, ಒಂದು ಕಾಲದ ಒಂಟೆ ವ್ಯಾಪಾರಿ. ಚಿನ್ನದ ಗಣಿಗಳೂ ಅವನ ಕೈಸೇರಿದವು.

ಬಶೀರ್ 2019ರಲ್ಲಿ ಬಿದ್ದರು. 2021ರಲ್ಲಿ ಸೇನಾ ಮುಖ್ಯಸ್ಥ ಬುರ್ಹಾನ್ ಮತ್ತು ಹೆಮೆದ್ತಿ ಸೇರಿಯೇ ನಾಗರಿಕ ಸರ್ಕಾರವನ್ನು ಕೆಡವಿದರು. 2023ರ ಏಪ್ರಿಲ್ 15ರಂದು ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಇದನ್ನು ಅಂತರ್ಯುದ್ಧ ಅನ್ನುವುದಕ್ಕಿಂತ ಪಾಲುದಾರರ ಜಗಳ ಅನ್ನಬಹುದೇನೋ. ಮನೆ ಬಿಟ್ಟವರು ಮಾತ್ರ 1.2 ಕೋಟಿಗೂ ಹೆಚ್ಚು.

ಕಮ್ಮನಹಳ್ಳಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿ ಸುಡಾನಿನ ಓಮ್ದುರ್ಮಾನ್‌ನ ಹುಡುಗನೊಬ್ಬ ಬಾಡಿಗೆಗಿದ್ದಾನೆ, ಓದಲು ಬಂದವನು. ಒಮ್ಮೆ ಮೊಬೈಲಿನಲ್ಲಿ ಬಂಕಕ್ ಅನ್ನುವ ಆ್ಯಪ್ ತೋರಿಸಿದ. ನೋಟು ಸಿಗದ ಊರುಗಳಲ್ಲಿ ದುಡ್ಡು ದಾಟಿಸುವುದು ಹೆಚ್ಚಾಗಿ ಅದರಲ್ಲೇ. ಬೀದಿಯ ಯುವಕರೇ ಸೇರಿ ದೊಡ್ಡ ಹಂಡೆಯಲ್ಲಿ ಬೇಳೆ ಬೇಯಿಸಿ ಹಂಚುವ ಅಡುಗೆಮನೆಗೆ ಅವನ ಪಾಲೂ ಹೋಗುತ್ತದೆ. ಅದನ್ನು ತಕಿಯಾ ಅಂದ. ಫಕೀರರ ತಕಿಯಾ ನೋಡಿದ ಉತ್ತರ ಕರ್ನಾಟಕದವರಿಗೆ ಪದ ಹೊಸದಲ್ಲ. ಇಂಟರ್ನೆಟ್ ಇದ್ದರೆ ಮಾತ್ರ ದುಡ್ಡು, ದುಡ್ಡಿದ್ದರೆ ಮಾತ್ರ ಬೇಳೆ. ಡಾರ್ಫುರ್‌ನಲ್ಲಿ ಮೊಬೈಲ್ ಟವರ್ ಸತ್ತ ಕಡೆ ಸ್ಟಾರ್‌ಲಿಂಕ್ ಡಿಶ್ ಇಟ್ಟವನ ಮುಂದೆ ಗಂಟೆ ಲೆಕ್ಕದಲ್ಲಿ ದುಡ್ಡು ತೆತ್ತು ಕೂರಬೇಕು.

ಎಲ್ ಫಾಶರ್‌ನಲ್ಲಿ ಕೊನೆಗೆ ಬೇಳೆಯೂ ಉಳಿಯಲಿಲ್ಲ. 2024ರ ಮೇ ತಿಂಗಳಿಂದ ಆರ್‌ಎಸ್‌ಎಫ್ ಮುತ್ತಿಗೆ. ಆಗಸ್ಟ್‌ನಲ್ಲಿ ಪಕ್ಕದ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಬರಗಾಲ ದೃಢಪಟ್ಟಿತು. ಇದು ಮಳೆ ತಂದ ಬರವಲ್ಲ, ದಾರಿ ಮುಚ್ಚಿ ತಂದದ್ದು. 2025ರಲ್ಲಿ ಊರ ಸುತ್ತ ಮಣ್ಣಿನ ಒಡ್ಡು ಎದ್ದಿತು, ಒಳಗಿನವರು ಹೊರಬರದಂತೆ. ಜನ ಅಂಬಾಜ್ ತಿಂದರು. ಅಂದರೆ ಕಡಲೆಕಾಯಿ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ, ನಮ್ಮಲ್ಲಿ ಹಸು ಎಮ್ಮೆಗೆ ಬೂಸಾ ಜೊತೆ ಕಲಸಿಡುತ್ತೇವಲ್ಲ, ಅದೇ. ಆಮೇಲಾಮೇಲೆ ಅದೂ ಸಿಗದಾಯಿತು.

ಅಕ್ಟೋಬರ್ 26ರಂದು ಊರು ಬಿತ್ತು. ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಮಂದಿಯನ್ನು ಕೊಂದ ವರದಿ ಬಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಮುತ್ತಿಗೆಯ ಕೊನೆಯ ತಿಂಗಳುಗಳಲ್ಲಿ ಒಳಗಿದ್ದವರು ಸುಮಾರು 2.6 ಲಕ್ಷ. ತಪ್ಪಿಸಿಕೊಂಡವರು ತವೀಲಾ ಎಂಬ ಊರಿನ ಕಡೆ ಕಾಲ್ನಡಿಗೆಯಲ್ಲಿ ಹೊರಟರು, ಅರವತ್ತು ಕಿಲೋಮೀಟರು ಚಿಲ್ಲರೆ ದೂರ. ಅಲ್ಲಿ ಅವರಿಗಾಗಿ ಕಾಯುತ್ತಿದ್ದ ನೆರವಿನ ಸಂಸ್ಥೆಗಳು ತಲೆ ಎಣಿಸಿದವು. ನಿರೀಕ್ಷಿಸಿದ್ದಕ್ಕಿಂತ ತೀರಾ ಕಡಿಮೆ ಜನ ಬಂದಿದ್ದರು.