ಬುಡ ನೋಡಿ ಸಸಿ ತನ್ನಿ

ದೀಪಾವಳಿಗೆ ಮುಂಚೆ ಮಳೆ ಚೆನ್ನಾಗಿ ಹಿಡಿದರೆ ನಮ್ಮ ನರ್ಸರಿ ಮುಂದೆ ಟೆಂಪೋಗಳು ಸಾಲಾಗಿ ನಿಲ್ಲುತ್ತವೆ. ಹೋದ ಸಲ ಗುಬ್ಬಿ ಕಡೆಯ ಯಜಮಾನರೊಬ್ಬರು ಬಂದವರೇ ಒಳಮೂಲೆಯ ನೆರಳಿಗೆ ಹೋಗಿ, ಎದೆಮಟ್ಟ ಬೆಳೆದಿದ್ದ ಅಡಿಕೆ ಸಸಿಗಳ ಮುಂದೆ ನಿಂತುಬಿಟ್ಟರು. "ಇವನ್ನೇ ಹಾಕ್ಸಿ ಸಾರ್. ಆ ಕುಳ್ಳವು ಮರ ಆಗೋದು ಯಾವ ಕಾಲಕ್ಕೆ?"

ಎರಡರಲ್ಲೂ ಒಂದೊಂದು ತಂದು ಬ್ಲೇಡಿನಲ್ಲಿ ಕವರ್ ಸೀಳಿದೆ. ಎತ್ತರದ ಸಸಿಯ ತಳದಲ್ಲಿ ಬೇರು ಸಿಂಬಿ ಸುತ್ತಿಕೊಂಡಿತ್ತು, ಮಣ್ಣೇ ಕಾಣದಷ್ಟು. ಬುಡ ನನ್ನ ಹೆಬ್ಬೆರಳಿಗಿಂತ ಸಣ್ಣ. ಗಿಡ್ಡದರ ಬುಡ ಗಡ್ಡೆಯ ಹಾಗೆ ಉಬ್ಬಿತ್ತು, ಬಿಳಿ ಬೇರಿನ ತುದಿಗಳು ಆಗಷ್ಟೇ ಕವರಿನ ಅಂಚು ಮುಟ್ಟಿದ್ದವು.

ಮಾವು, ಹಲಸಿನ ಕಾಂಡ ವರ್ಷವರ್ಷವೂ ಸುತ್ತಳತೆಯಲ್ಲಿ ಹೆಚ್ಚುತ್ತದೆ. ತೊಗಟೆಯ ಒಳಗೆ ಅದಕ್ಕೆಂದೇ ಬೆಳೆಯುವ ಪದರವಿದೆ. ಅಡಿಕೆ, ತೆಂಗಿಗೆ ಆ ಪದರವೇ ಇಲ್ಲ. ಸುಳಿಯ ಬುಡದಲ್ಲಿರುವ ಬೆಳೆಯುವ ತುದಿ ಮೊದಲು ಅಗಲವಾಗಬೇಕು, ಆಮೇಲೆ ಮೇಲೇಳಬೇಕು. ಸಸಿ ದಟ್ಟ ನೆರಳಲ್ಲಿ ಒತ್ತೊತ್ತಾಗಿ ನಿಂತರೆ ಬೆಳಕಿಗಾಗಿ ಉದ್ದ ಎಳೆಯುತ್ತದೆ, ಬುಡ ಬಡವಾಗುತ್ತದೆ. ನೋಡುವವರಿಗೆ ಅದೇ ಜೋರು ಸಸಿ!

ನಾವು ಬೀಜಕ್ಕೆ ಹಿಡಿಯುವುದು ಒಂದೇ ಹದದಲ್ಲಿ ಫಸಲು ಕೊಡುವ ಹಳೆಯ ಮರಗಳ ಹಣ್ಣಡಿಕೆ, ತೂಕ 35 ಗ್ರಾಂ ಮೇಲಿರಬೇಕು. ಅವನ್ನು ನೀರಿಗೆ ಹಾಕಿದಾಗ ತೊಟ್ಟು ಮೇಲೆ ಮಾಡಿ ನೆಟ್ಟಗೆ ತೇಲುವವು ಬೀಜಕ್ಕೆ, ಅಡ್ಡ ಮಲಗಿದವು ಮಂಡಿಗೆ. ಮರಳಿನ ಮಡಿಯಲ್ಲಿ ತೊಟ್ಟು ಮೇಲಾಗಿಯೇ ಊರುತ್ತೇವೆ. ಒಂದೂವರೆ ತಿಂಗಳಿಗೆ ಮೊಳಕೆ ಶುರು. ಮೂರು ತಿಂಗಳ ಹೊತ್ತಿಗೆ ಎರಡು ಮೂರು ಎಲೆ ಬಂದಾಗ ಕವರಿಗೆ ಎತ್ತುತ್ತೇವೆ.

ಕವರಿನ ಅಳತೆ 25 ಸೆಂಟಿಮೀಟರ್ ಉದ್ದ, 15 ಅಗಲ. ತುಂಬುವ ಮಿಶ್ರಣ ಏಳು ಪಾಲು ಮೇಲ್ಮಣ್ಣು, ಮೂರು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಪಾಲು ಮರಳು. ಇಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಕೆರೆ ಹೂಳು ಎತ್ತಿದ ವರ್ಷ ಗೋಡು ಪುಕ್ಕಟೆ ಸಿಕ್ಕಿತೆಂದು ಅದನ್ನೇ ತುಂಬಿಸಿದೆ, ಮರಳಿನ ಕಾಸು ಉಳಿಯಿತು ಅಂದುಕೊಂಡು. ಒಣಗಿದಾಗ ಇಟ್ಟಿಗೆ, ನೀರು ಹಾಕಿದರೆ ಮೇಲೆಯೇ ನಿಲ್ಲುವ ಕೊಚ್ಚೆ. ಎಲೆ ಹಳದಿಯಾದವು. ಗೊಬ್ಬರ ಸಾಲದೆಂದು ಇನ್ನಷ್ಟು ಹಾಕಿದೆ. ಕೊನೆಗೆ ಒಂದನ್ನು ಒಡೆದು ನೋಡಿದರೆ ಬೇರು ಕಂದಾಗಿ, ಮುಟ್ಟಿದರೆ ಸಿಪ್ಪೆ ಸುಲಿದು ಬರುತ್ತಿತ್ತು. ಹಸಿದದ್ದಲ್ಲ, ಉಸಿರುಕಟ್ಟಿದ್ದು. ಈಗ ಗೋಡನ್ನು ತೋಟಕ್ಕೆ ಹೊಡೆಸುತ್ತೇನೆ, ಕವರಿಗೆ ಸೇರಿಸುವುದಿಲ್ಲ. ತಳದ ತೂತುಗಳನ್ನೂ ನಾನೇ ನೋಡುತ್ತೇನೆ.

ಕವರಿಗೆ ಬಂದ ಮೇಲೆ 12ರಿಂದ 18 ತಿಂಗಳೊಳಗೆ ಸಸಿ ಭೂಮಿ ಸೇರಬೇಕು. ಐದಾದರೂ ಎಲೆ, ದಪ್ಪ ಬುಡ ಇದ್ದರೆ ಸಾಕು, ಎತ್ತರ ಕೇಳಬೇಡಿ. ಬೋರ್ ಬತ್ತಿತೆಂದು ಮೂರು ವರ್ಷ ಕವರಿನಲ್ಲೇ ಇಟ್ಟ ಸಸಿಯನ್ನು ಅರ್ಧ ಬೆಲೆಗೆ ಕೊಟ್ಟರೂ ನಾನು ತಗೊಳ್ಳುವುದಿಲ್ಲ. ತಿಪಟೂರು ಕಡೆ ತೆಂಗಿನ ಸಸಿಯನ್ನು ಪಾತಿಯಿಂದ ಕಿತ್ತು ಕೊಡುವುದೇ ರೂಢಿ. 9ರಿಂದ 12 ತಿಂಗಳ ಸಸಿ, ತಡಮಾಡದೆ ನೆಟ್ಟರೆ ಅದೂ ಸರಿಯೇ. ಕಾಯಿಯೊಳಗೆ ಬುತ್ತಿ ಇದೆ, ಅಡಿಕೆಗೆ ಅಷ್ಟು ಬುತ್ತಿಯಿಲ್ಲ.

ಒಯ್ಯುವ ಮುಂಚಿನ ಒಂದು ತಿಂಗಳು ನೆರಳು ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ನೆರಳಿನ ಬಲೆಯಡಿಯಿಂದ ನೇರ ಕೆಮ್ಮಣ್ಣಿನ ಬಯಲಿಗೆ ಇಟ್ಟರೆ ವಾರದಲ್ಲಿ ಎಲೆ ಸುಟ್ಟ ಕಾಗದವಾಗುತ್ತದೆ. ಅದಕ್ಕೇ ಆರು ತಿಂಗಳು ಮೊದಲು ಬಾಳೆ ಹಾಕಿರಿ ಅನ್ನುವುದು. ನೈರುತ್ಯದ ಸಂಜೆ ಬಿಸಿಲಿಗೆ ಅಡ್ಡ ಇರಲೇಬೇಕು.

ಟೆಂಪೋಗೆ ತುಂಬುವಾಗ ಹುಡುಗರು ಸಸಿಯ ಕುತ್ತಿಗೆ ಹಿಡಿದು ಎತ್ತುತ್ತಾರೆ, ಮಣ್ಣಿನ ಮುದ್ದೆ ಒಳಗೇ ಬಿರುಕು ಬಿಡುತ್ತದೆ. ಎರಡೂ ಕೈಯಲ್ಲಿ ಕವರಿನ ತಳ ಹಿಡಿಯಬೇಕು. ನೆಡುವಾಗ ಕವರ್ ಪೂರ್ತಿ ತೆಗೆಯಬೇಕು. ತಳ ಸೀಳಿ ಹಾಗೇ ಇಟ್ಟ ಒಂದು ತೋಟದಲ್ಲಿ ನಾಲ್ಕು ವರ್ಷದ ಗಿಡ ಕಿತ್ತಾಗ ಪ್ಲಾಸ್ಟಿಕ್ ಇನ್ನೂ ಬುಡಕ್ಕೆ ಅಂಗಿಯಂತೆ ಅಂಟಿತ್ತು.

ಯಜಮಾನರು ಎಲ್ಲ ಕೇಳಿದರು, ಬೇರು ಮುಟ್ಟಿ ನೋಡಿದರು, ಗಿಡ್ಡವನ್ನೇ ಮುನ್ನೂರು ಎಣಿಸಿದರು. ಹೊರಡುವಾಗ ಮಾತ್ರ ಎತ್ತರದವು ಹತ್ತನ್ನು ಮುಂದಿನ ಸೀಟಿನ ಪಕ್ಕ ಇಡಿಸಿಕೊಂಡರು. "ಮನೇಲಿ ಕೇಳ್ತಾರೆ ಸಾರ್, ಇಷ್ಟು ದುಡ್ಡಿಗೆ ಇಷ್ಟುದ್ದವೇನಾ ಅಂತ."