ಗಾಳಿಗೆ ಬೆನ್ನು ಹಾಕುವ ಹೂ

ಡ್ಯಾಫೊಡಿಲ್ ಎಂಬ ಹಳದಿ ಹೂವಿನ ಫೋಟೊ ತೆಗೆಯಲು ಹೊರಟವರು ಮೊದಲು ಬೈಯುವುದು ಗಾಳಿಗೆ. ಇಂಗ್ಲೆಂಡಿನಲ್ಲಿ ಇವು ಹೆಚ್ಚಾಗಿ ಅರಳುವುದು ಮಾರ್ಚ್-ಏಪ್ರಿಲ್‌ನಲ್ಲಿ, ನಮ್ಮ ಯುಗಾದಿಯ ಆಸುಪಾಸು. ಆ ದಿನಗಳಲ್ಲಿ ಅಲ್ಲಿ ಗಾಳಿ ಜಾಸ್ತಿ. ಫೋಕಸ್ ಮಾಡಿ ಬಟನ್ ಒತ್ತುವಷ್ಟರಲ್ಲಿ ಹೂ ಮುಖ ತಿರುಗಿಸಿಬಿಡುತ್ತದೆ. ಆದರೆ ಆ ತಿರುಗಾಟ ಸುಮ್ನೆ ಅಲ್ಲ, ಅದು ಗಿಡದ ರಚನೆಯಲ್ಲೇ ಇದೆ. ಅದು ಗೊತ್ತಿದ್ದರೆ ಎಲ್ಲಿ ನಿಂತು ಕ್ಲಿಕ್ ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಗಿಡದ ಪಕ್ಕ ಕೂತು ನೋಡಿ. ದಂಟು ನೆಟ್ಟಗೆ ಮೇಲೆ ಹೋಗಿ, ತುದಿಯಲ್ಲಿ ಕತ್ತು ಬಗ್ಗಿಸಿ, ಹೂವನ್ನು ಒಂದು ಪಕ್ಕಕ್ಕೆ ಚಾಚಿರುತ್ತದೆ, ಕಂಬಕ್ಕೆ ಕಟ್ಟಿದ ಬಾವುಟದ ಹಾಗೆ. ದಂಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಹೊರಳಿಸಿದರೆ ಅದು ದುಂಡಗಿಲ್ಲ, ಸ್ವಲ್ಪ ಚಪ್ಪಟೆ ಅನ್ನುವುದು ಕೈಗೇ ತಿಳಿಯುತ್ತದೆ. ಇಂಥ ದಂಟು ಸುಲಭಕ್ಕೆ ಬಾಗುವುದಿಲ್ಲ, ಆದರೆ ಸಲೀಸಾಗಿ ತಿರುಚಿಕೊಳ್ಳುತ್ತದೆ. ಶೆಲ್ಲಿ ಎಟ್ನಿಯರ್ ಮತ್ತು ಸ್ಟೀವನ್ ವೋಗೆಲ್ ಎಂಬ ವಿಜ್ಞಾನಿಗಳು ಇದನ್ನು ಅಳೆದು 2000ದಲ್ಲಿ ಪ್ರಕಟಿಸಿದರು. ಗಾಳಿ ಬೀಸಿದಾಗ ದಂಟು ತಿರುಚಿಕೊಂಡು ಹೂ ಗಾಳಿಗೆ ಬೆನ್ನು ಹಾಕುತ್ತದೆ, ಹಾಗೆ ತಿರುಗಿದ್ದರಿಂದಲೇ ಅದರ ಮೇಲೆ ಬೀಳುವ ಗಾಳಿಯ ಎಳೆತ ಸುಮಾರು 30% ಕಡಿಮೆಯಾಗುತ್ತದೆ. ದಂಟು ಮುರಿಯದೆ ಉಳಿಯುವುದು ಹೀಗೆ.

ನಮ್ಮಲ್ಲಿ ಎಷ್ಟೋ ಜನ ಈ ಹೂವನ್ನು ನೋಡುವ ಮೊದಲೇ ಶಾಲೆಯಲ್ಲಿ ಇದರ ಮೇಲೆ ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ ಬರೆದ ಪದ್ಯ ಬಾಯಿಪಾಠ ಮಾಡಿದವರು, ಅಲ್ವಾ? ಅವನೂ ತಂಗಿ ಡೊರೊಥಿಯೂ ಅಲ್ಸ್‌ವಾಟರ್ ಸರೋವರದ ದಡದಲ್ಲಿ ಆ ಹೂಗಳನ್ನು ಕಂಡದ್ದು 1802ರ ಏಪ್ರಿಲ್ 15ರಂದು. ಅವತ್ತು ಜೋರು ಗಾಳಿಯಿತ್ತು ಅಂತ ಡೊರೊಥಿ ಡೈರಿಯಲ್ಲಿ ಬರೆದಿದ್ದಾಳೆ. ಪದ್ಯದಲ್ಲಿ ಹೂಗಳು ಕುಣಿಯುವುದು ಆ ಗಾಳಿಗೇ.

ಹಾಗಾದರೆ ಎಲ್ಲಿ ನಿಲ್ಲಬೇಕು? ಗಾಳಿ ನಿಮ್ಮ ಮುಖಕ್ಕೆ ಹೊಡೆಯುವ ಕಡೆ. ಗಾಳಿ ಜೋರಾದಾಗ ಹೂಗಳು ಅದಕ್ಕೆ ಬೆನ್ನು ಮಾಡಿ ನಿಮ್ಮ ಕಡೆಗೇ ತಿರುಗುತ್ತವೆ. ಶಟರ್ ಸ್ಪೀಡ್ 1/500 ಸೆಕೆಂಡು ಅಥವಾ ಅದಕ್ಕಿಂತ ವೇಗವಾಗಿ ಇಟ್ಟುಕೊಳ್ಳಿ.

ಗಾಳಿಗಿಂತ ಜಾಸ್ತಿ ಕಾಡುವುದು ಹಳದಿ. ಈ ಬಣ್ಣ ಬರುವುದು ಕೆರೊಟಿನಾಯ್ಡ್‌ಗಳಿಂದ, ಕ್ಯಾರೆಟ್‌ಗೆ ಬಣ್ಣ ಕೊಡುವ ಬಳಗವೇ ಅದು. (2000ದಲ್ಲಿ ಗೋಲ್ಡನ್ ರೈಸ್ ಎಂಬ ಹಳದಿ ಅಕ್ಕಿಯನ್ನು ಮೊದಲು ಮಾಡಿದಾಗ ಅದಕ್ಕೆ ಸೇರಿಸಿದ ಒಂದು ಜೀನ್ ಡ್ಯಾಫೊಡಿಲ್‌ನದು!) ಈ ಕೆರೊಟಿನಾಯ್ಡ್‌ಗಳು ನೀಲಿ ಬೆಳಕನ್ನು ನುಂಗಿ ಕೆಂಪು, ಹಸಿರು ಎರಡನ್ನೂ ವಾಪಸ್ ಕಳಿಸುತ್ತವೆ. ಕ್ಯಾಮೆರಾ ಸೆನ್ಸರ್‌ನಲ್ಲಿ ಹಳದಿಗೆ ಅಂತ ಬೇರೆ ಪಿಕ್ಸೆಲ್ ಇಲ್ಲ. ಸಾಮಾನ್ಯವಾಗಿ ಪ್ರತಿ ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಳದಿ ಹೂ ಎದುರಿಗಿದ್ದರೆ ಕೆಂಪು-ಹಸಿರು ತುಂಬಿ ತುಳುಕುತ್ತವೆ, ನೀಲಿ ಹೆಚ್ಚುಕಮ್ಮಿ ಖಾಲಿ. ಸುತ್ತಲಿನ ಗಾಢ ಹಸಿರು ಎಲೆಗಳನ್ನು ನೋಡಿ ಕ್ಯಾಮೆರಾ ಇಡೀ ಚಿತ್ರವನ್ನು ಇನ್ನಷ್ಟು ಬೆಳಗಿಸುತ್ತದೆ. ಆಗ ಫೋಟೊದಲ್ಲಿ ಕೆಂಪು ಮಿತಿ ಮುಟ್ಟಿ, ತುತ್ತೂರಿಯಂಥ ನಡುಭಾಗದ ಅಂಚಿನ ನೆರಿಗೆ, ಎಸಳಿನ ಸಣ್ಣ ಗೆರೆ ಎಲ್ಲ ಅಳಿಸಿಹೋಗಿ ಹಳದಿ ಬಣ್ಣ ಬಳಿದ ಹಾಗೆ ಕಾಣುತ್ತದೆ.

ಅದಕ್ಕೇ ಹಿಸ್ಟೋಗ್ರಾಂನಲ್ಲಿ (ಚಿತ್ರದಲ್ಲಿ ಕತ್ತಲೆಷ್ಟು, ಬೆಳಕೆಷ್ಟು ಅಂತ ಎಡದಿಂದ ಬಲಕ್ಕೆ ಕ್ಯಾಮೆರಾ ತೋರಿಸುವ ಗ್ರಾಫ್) ಒಟ್ಟು ಬೆಳಕಿನ ಗೆರೆಯನ್ನಷ್ಟೇ ನೋಡಿದರೆ ಸಾಲದು, ಕೆಂಪಿನ ಗೆರೆಯನ್ನು ಬೇರೆಯಾಗಿ ನೋಡಬೇಕು. ಅದು ಬಲತುದಿಗೆ ಹೋಗಿ ಗುದ್ದಿದ್ದರೆ ಎಕ್ಸ್‌ಪೋಷರ್ ಅರ್ಧದಿಂದ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ). ರಾ ಫೈಲ್, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸಿದ ಫೈಲ್ ಇದ್ದರೆ ಆಮೇಲೆ ಸರಿಮಾಡಲು ಒಂದಿಷ್ಟು ಜಾಗ ಸಿಗುತ್ತದೆ. ನನ್ನ ಕೇಳಿದರೆ ತೆಳು ಮೋಡದ ದಿನವೇ ಒಳ್ಳೆಯದು: ಆಕಾಶವೆಲ್ಲ ಒಂದೇ ದೊಡ್ಡ ದೀಪವಾಗಿ, ತುತ್ತೂರಿಯ ಒಳಗಿನ ಆರು ಕೇಸರಗಳೂ ಬಿಡಿಬಿಡಿಯಾಗಿ ಕಾಣುತ್ತವೆ.

ಒಂದು ಮಾತಂತೂ ಹೇಳಲೇಬೇಕು. ಹತ್ತಿರದ ಫೋಟೊಗಾಗಿ ಗಿಡಗಳ ನಡುವೆ ನುಗ್ಗಬೇಡಿ. ಹೂ ಬಾಡಿದ ಮೇಲೂ ಎಲೆಗಳು ವಾರಗಟ್ಟಲೆ ಬಿಸಿಲು ಹೀರಿ ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವನ್ನು ಗೆಡ್ಡೆಗೆ ತುಂಬುತ್ತವೆ. ತುಳಿದ ಎಲೆಯಿಂದ ಆ ಕೆಲಸ ಆಗುವುದಿಲ್ಲ. ಕಾಲುದಾರಿಯಲ್ಲೇ ಕೂತು, ದೂರದ್ದನ್ನು ಹತ್ತಿರ ತೋರಿಸುವ 200 ಎಂಎಂ ಲೆನ್ಸ್ ಹಾಕಿ. ದೂರದಿಂದ ತೆಗೆದಾಗ ಹಿಂದಿನ ಸಾಲುಗಳು ಮುಂದಿನವಕ್ಕೆ ಒತ್ತಿಕೊಂಡಂತೆ ಕಂಡು, ತೆಳ್ಳಗೆ ಬೆಳೆದ ಜಾಗವೂ ಫೋಟೊದಲ್ಲಿ ದಟ್ಟವಾಗಿ ಕಾಣುತ್ತದೆ.